ಒಂಬತ್ತು ಮೊಟ್ಟೆ

ಕುತಾಯಿಸಿಯಲ್ಲಿ ಲಾರಿ ಅಂದರೆ ದುಡ್ಡು.
ಹೊರೆ ಮಾತ್ರ ಮನುಷ್ಯರೇ ಹೊರಬೇಕು.

ರಾತ್ರಿ ಹನ್ನೊಂದಕ್ಕೆ ಮಾಲ್ಖಾಜ್ ವ್ಯಾನು ನಿಲ್ಲಿಸಿ ಬಂದು
ಜೇಬು ಬಗ್ಗಿಸುತ್ತಾನೆ ಮೇಜಿನ ಮೇಲೆ:
ಚಿಲ್ಲರೆ, ಒಂದು ಗುಂಡಿ,
ಯಾರೋ ಪ್ರಯಾಣಿಕರು ಕೊಟ್ಟ ಸೂರ್ಯಕಾಂತಿ ಬೀಜ.
ಮಬ್ಬು ಬೆಳಕಲ್ಲಿ ನಾತೆಲಾ
ಗುಂಡಿಯನ್ನೂ ಸೇರಿಸಿ ಎಣಿಸಿ, ಆಮೇಲೆ ನಗುತ್ತಾಳೆ.

ಹೋದ ವರ್ಷದ ಕ್ಯಾಲೆಂಡರಿನ ಬೆನ್ನಿಗೆ
ಪೆನ್ಸಿಲಿನಲ್ಲಿ ಬರೆದ ಸಾಲಗಳು.
ವ್ಯಾನಿನ ಗೇರ್‌ಬಾಕ್ಸಿಗೆಂದು ಬ್ಯಾಂಕಿನದು.
ಬ್ಯಾಂಕಿನ ಕಂತಿಗೆಂದು ಫೋನಿನಲ್ಲೇ ಎತ್ತಿದ್ದು,
ಐದೇ ನಿಮಿಷದಲ್ಲಿ ಬಂದು ಇನ್ನೂ ಹೋಗದೆ ಕೂತದ್ದು.
ಗಿರವಿ ಅಂಗಡಿಯಲ್ಲಿ ಅತ್ತೆ ಎತೆರಿಯ ಉಂಗುರ:
ಅತ್ತೆ ಕೇಳುವುದಿಲ್ಲ,
ಅವಳ ಬೆರಳಿನ ಬಿಳಿ ಗೆರೆ ಕೇಳುತ್ತದೆ.
ಹಲ್ಲಿನ ಡಾಕ್ಟರಿಗೆ ಅರ್ಧ. ಚಳಿಗಾಲದ ಗ್ಯಾಸು.
ಮತ್ತೆ, ಇಲ್ಲಿ ಬರೆಯದೆ ಬಿಟ್ಟದ್ದು,
ಕೆಳಗಿನ ಅಂಗಡಿಯ ಗುಲಿಕೊಳ ನೋಟ್‌ಬುಕ್ಕಿನಲ್ಲಿ ಇರುವುದು:
ನೂರಾ ಹದಿನೆಂಟು ಲಾರಿ. ಬಡ್ಡಿ ಇಲ್ಲ.

"ಮೊದಲು ಫೋನಿನದು ತೀರಿಸೋಣ," ಅನ್ನುತ್ತಾನೆ ಮಾಲ್ಖಾಜ್.
"ಅದಕ್ಕೆ ಹಲ್ಲಿದೆ. ನಾವು ಮಲಗಿದಾಗಲೂ ತಿನ್ನುತ್ತೆ."
ಅವನ ಲೆಕ್ಕ ಸರಿ. ಅವಳಿಗೂ ಗೊತ್ತು.
"ಮೊದಲು ಗುಲಿಕೊಳದ್ದು."
"ಅದಕ್ಕೆ ಬಡ್ಡಿಯೇ ಇಲ್ಲವಲ್ಲೇ!"
"ನೀನು ಅಂಗಡಿ ತೆರೆಯೋ ಮೊದಲು ಹೋಗ್ತೀಯ,
ಮುಚ್ಚಿದ ಮೇಲೆ ಬರ್ತೀಯ.

ಬಡ್ಡಿ ಇಲ್ಲ ಅಂದೆಯಾ? ಕೇಳು.
ಆ ಬಾಗಿಲು ದಾಟುವಾಗ ದಿನಾ
ಬೇಕಾದ್ದಕ್ಕಿಂತ ಒಂದು ಹಿಡಿ ಹೆಚ್ಚು ನಗಬೇಕು.
ಅವಳ ಮೊಣಕಾಲು ನೋವಿನ ಕಥೆ
ಬಸ್ಸು ತಪ್ಪಿದರೂ ನಿಂತು ಕೇಳಬೇಕು.
ಒಳ್ಳೆಯ ಚೀಸು ಬಂದಿದೆ ಅಂದರೆ
ಹೊಟ್ಟೆ ತುಂಬಿದವಳ ಮುಖ ಹಾಕಬೇಕು.
ಥೇಓನಾಳಿಗೆ ಬೂಟು ತಂದ ದಿನ
ಚೀಲದ ಮೇಲೆ ಸೊಪ್ಪು ಹರಡಿ ಮುಚ್ಚಿ
ಮೆಟ್ಟಿಲು ಹತ್ತಿದ್ದೇನೆ ಮಾಲ್ಖಾಜ್,
ಕದ್ದವಳ ಹಾಗೆ."

ಅವನು ಬೀಜ ಒಂದೊಂದೇ ಒಡೆದ. ಏನೂ ಹೇಳಲಿಲ್ಲ.
ಗೋಡೆಯಾಚೆ ಅತ್ತೆ ಕೆಮ್ಮಿದಳು,
ಎಲ್ಲ ಕೇಳಿಸಿಕೊಂಡವರು ಕೆಮ್ಮುವ ಹಾಗೆ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಂತೆ.
ಆ ಚಳಿಗಾಲ ಅವರು ಕಾಲು ಮಡಿಸಿ ಮಡಿಸಿ
ಮಂಡಿ ಗದ್ದಕ್ಕೆ ತಾಗಿತು.
ಒಂದೇ ಕೋಣೆಗೆ ಬೆಂಕಿ. ವಾರಕ್ಕೆ ಐದು ದಿನ ರಾಜ್ಮಾ,
ಆರನೆಯ ದಿನ ರಾಜ್ಮಾದ ಮೇಲೆ ಆಕ್ರೋಟು.
ನಾತೆಲಾ ಊರವರ ಪರದೆಗಳಿಗೆಲ್ಲ ಅಂಚು ಹೊಲಿದಳು.
ಮಾಲ್ಖಾಜ್ ಸಿಗರೇಟು ಬಿಡಲಿಲ್ಲ;
ಅರ್ಧ ಸೇದಿ, ಅರ್ಧ ಕಿವಿಗೆ ಸಿಕ್ಕಿಸಿಕೊಂಡ.
ಫೋನಿನ ಸಾಲ ತಿನ್ನುವಷ್ಟು ತಿಂದಿತು.

ಮಾರ್ಚಿನ ಒಂದು ಶನಿವಾರ
ನೂರಾ ಹದಿನೆಂಟು, ಮಡಿಕೆಗಳನ್ನೆಲ್ಲ ಸವರಿ, ಗಲ್ಲೆಯ ಮೇಲಿಟ್ಟಳು.
ಗುಲಿಕೊ ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿ
ಸ್ಕೇಲಿಟ್ಟು ಗೆರೆ ಎಳೆದಳು, ಬಲವಾಗಿ.
ಕೆಳಗಿನ ಪುಟದಲ್ಲೂ ಅದರ ಒತ್ತು ಮೂಡಿರಬೇಕು,
ಇನ್ನಾರದೋ ಹೆಸರಿನ ಮೇಲೆ ಸುಮ್ಮನೆ ಹಾದು.

"ಹತ್ತು ಮೊಟ್ಟೆ ಕೊಡಿ," ಅಂದಳು ನಾತೆಲಾ. ನಗದು.
ಎಣಿಸಿದರೆ ನಲವತ್ತು ತೆತ್ರಿ ಕಡಿಮೆ.
"ಇರಲಿ ಬಿಡು, ನಾಳೆ ಕೊಡುವೆಯಂತೆ."
ಗುಲಿಕೊಳ ಕೈ ತಾನಾಗಿ
ಪೆನ್ಸಿಲಿನ ಕಡೆ ಹೊರಟಿತ್ತು.

ನಾತೆಲಾ ಒಂದು ಮೊಟ್ಟೆ ಎತ್ತಿ
ಬುಟ್ಟಿಯಲ್ಲಿ ವಾಪಸು ಇಟ್ಟಳು, ಸದ್ದಾಗದಂತೆ.
"ಒಂಬತ್ತು ಸಾಕು."

ಗುಲಿಕೊಗೆ ತುಸು ಬೇಸರವಾಯಿತೋ ಏನೋ.
ಬಾಗಿಲವರೆಗೆ ಹೋದವಳು ತಿರುಗಿ ಬಂದಳು ನಾತೆಲಾ.
ಕೇಳಿದಳು, ಮೊಣಕಾಲು ಹೇಗಿದೆ,
ಈ ಸಲ ನಿಜವಾಗಿ.